ಉಪ್ಪಿನ ಲೆಕ್ಕ

ರಾತ್ರಿ ಎರಡಕ್ಕೆ ಒಳನೀರಿನ ಮಾದರಿ.
ಕೊಳವೆಯೊಳಗಿಂದ ಈಗಷ್ಟೇ ಬಂದ ಕಡಲು
ಗಾಜಿನ ಬೀಕರಿನಲ್ಲಿ, ಗೊತ್ತಾಗದಷ್ಟು ಹಸಿರು.
ಕಡ್ಡಿ ಅದ್ದುತ್ತೇನೆ. ಮೀಟರು ಸ್ವಲ್ಪ ಯೋಚಿಸಿ ಹೇಳುತ್ತದೆ,
ಲೀಟರಿಗೆ ಮೂವತ್ತೆಂಟು ದಶಮಾಂಶ ಆರು ಗ್ರಾಂ.
ಬರೆದುಕೊಳ್ಳುತ್ತೇನೆ.
ಸೇರಿದ ವರ್ಷದ ದಫ್ತರಿನಲ್ಲಿ ನನ್ನದೇ ಕೈಬರಹ:
ಮೂವತ್ತೇಳೂವರೆ. ಅಕ್ಷರ ಆಗ ದುಂಡಗಿತ್ತು.

ಫುಜೈರಾದ ಕಿಟಕಿಯಾಚೆ ಹಡಗುಗಳ ದೀಪ.
ಮೊದಮೊದಲು ಅದೊಂದು ಊರೆಂದುಕೊಂಡಿದ್ದೆ,
ಅಷ್ಟು ಒತ್ತೊತ್ತಾಗಿ, ಕದಲದೆ.
ಎಣಿಸುವುದು ನನ್ನ ಚಟ.
ಮೊನ್ನೆ ನಲವತ್ತೊಂದು, ಇವತ್ತು ಅರವತ್ತೇಳು.
ಜಲಸಂಧಿಯಲ್ಲಿ ಯಾರೋ ಯಾರಿಗೋ ಬೆರಳು ತೋರಿಸಿದ್ದಾರೆ,
ವಿಮೆಯವರು ಎಲ್ಲೋ ದೂರದ ಛಳಿಯ ಊರಿನಲ್ಲಿ
ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿದ್ದಾರೆ,
ಇಲ್ಲಿ ಲಂಗರು ಇಳಿಸಿಕೊಂಡು
ಎಣ್ಣೆ ಕಾಯುತ್ತಿದೆ, ತನ್ನದೇ ಬೆಲೆ ಏರುವುದನ್ನು.

ಸುದ್ದಿ ಓದುವವಳ ಬಾಯಲ್ಲಿ ಇದು 'ಉದ್ವಿಗ್ನತೆ'.
ಮೀನಿನ ಪೇಟೆಯ ಉಬೈದನಿಗೆ
ಬಲೆಗೆ ಮೆತ್ತಿಕೊಂಡ ಡಾಂಬರಿನ ಉಂಡೆ.
ಡೀಸೆಲ್ಲಿನಲ್ಲಿ ಅದ್ದಿ ಅದ್ದಿ ಉಜ್ಜುತ್ತಿದ್ದ ಶುಕ್ರವಾರ:
"ನೋಡು, ಎಣ್ಣೆಯ ಕೊಳೆ ತೆಗೆಯಲಿಕ್ಕೂ ಎಣ್ಣೆಯೇ ಬೇಕು."
ನನ್ನ ಅರಬ್ಬಿ ತರಕಾರಿ ಕೊಳ್ಳುವಷ್ಟು,
ಅವನ ಹಿಂದಿ ಸಿನಿಮಾ ನೋಡುವಷ್ಟು.
ಆ ಮಾತೊಂದು ಮಾತ್ರ ಪೂರ್ತಿ ದಾಟಿ ಬಂತು.

ಬ್ಯಾರೆಲ್ ಏರಿದರೆ ರೂಪಾಯಿ ಇಳಿಯುತ್ತದೆ,
ರೂಪಾಯಿ ಇಳಿದರೆ ನನ್ನ ದಿರ್ಹಮು ಮೈತುಂಬಿಕೊಳ್ಳುತ್ತದೆ.
ಹಣ ಕಳಿಸುವ ಸಾಲಿನಲ್ಲಿ ಅವತ್ತು
ಎಲ್ಲರ ಮುಖದಲ್ಲೂ ಒಂದು ನಗು,
ಸಾವಿನ ಮನೆಯಲ್ಲಿ ಊಟ ರುಚಿಯಾದಾಗ ಬರುವಂಥದು.
ನಾನೂ ನಕ್ಕೆ. ಸುಳ್ಳೇಕೆ ಹೇಳಲಿ.
ಗಂಗೊಳ್ಳಿಯಿಂದ ಅಣ್ಣ ಮಾಧವ ಖಾರ್ವಿಯ ಫೋನು:
"ನೀ ಹೆಚ್ಚಿಗೆ ಕಳ್ಸಿದ್ ಬಂತ್ ಮಾರಾಯ್ತಿ,
ಬೋಟಿನ ಡೀಸೆಲ್ ಅದನ್ನ ಕುಡ್ದ್ ಮುಗ್ಸ್ತ್."
ಅವನ ಬೋಟು ತೇಲುವುದೂ ಇದೇ ಕಡಲಿನಲ್ಲಿ,
ನನ್ನ ಕೊಳವೆ ಹೀರುವುದೂ.

ಕಳೆದ ವರ್ಷ ನೀರು ಕೆಂಪಾಯಿತು.
ರಕ್ತವಲ್ಲ, ಪಾಚಿ. ವಾಸನೆ ಮಾತ್ರ ಯುದ್ಧದ್ದು.
ಒಳಬಾಗಿಲು ಮುಚ್ಚಿ ಹನ್ನೊಂದು ದಿನ ಕೂತೆವು.
ಊರಿನ ತೊಟ್ಟಿಗಳಲ್ಲಿ ಎಷ್ಟು ದಿನದ ನೀರಿತ್ತೆಂದು
ನನಗೆ ಗೊತ್ತು; ಹೇಳಕೂಡದೆಂದು ಸಹಿ ಹಾಕಿದ್ದೇನೆ.
ಅದೇ ವಾರ ಯಾವುದೋ ರಾಜಧಾನಿಯಲ್ಲಿ ಹವಾಮಾನದ ಸಮ್ಮೇಳನ,
ಎಲ್ಲ ಧ್ವಜಗಳ ಮುಂದೂ ಒಂದೊಂದು ನೀರಿನ ಬಾಟಲಿ,
ಅರ್ಧ ಕುಡಿದು ಬಿಟ್ಟದ್ದು.
ಒಂದು ಪದದ ಮೇಲೆ ಬೆಳಗಿನ ಜಾವದ ತನಕ ಜಗ್ಗಾಡಿದರಂತೆ:
'ನಿಲ್ಲಿಸುವುದು' ಎನ್ನುವುದೋ, 'ತಗ್ಗಿಸುವುದು' ಎನ್ನುವುದೋ.
ನಾವಿಲ್ಲಿ ಜಾಲರಿಯಿಂದ ಅಂಬಲಿ ಮೀನು ಬಾಚುತ್ತಿದ್ದೆವು
ಸಲಿಕೆಯಲ್ಲಿ.

ಮೂರಕ್ಕೆ ಹೊರನೀರು. ಅರವತ್ತನಾಲ್ಕು ಗ್ರಾಂ.
ಸಿಹಿಯಷ್ಟನ್ನು ನಾವಿಟ್ಟುಕೊಂಡು
ಉಳಿದದ್ದನ್ನು ಬಿಸಿಬಿಸಿಯಾಗಿ ಹಿಂದಕ್ಕೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕು ಅನ್ನುತ್ತಿದ್ದಳು ಅಬ್ಬಿ.
ಇಲ್ಲಿ ಗಾದೆ ತಲೆಕೆಳಗು:
ನೀರು ಕುಡಿದವರು ನಾವು,
ಉಪ್ಪು ತಿನ್ನುತ್ತಿರುವುದು ಮೀನು.

ಹೇಳಬಲ್ಲೆ, ಆದರೆ ಯಾವ ಬಾಯಲ್ಲಿ?
ಕೋಣೆಯ ಏಸಿ ಹದಿನೆಂಟರಲ್ಲಿದೆ, ಇರಿಸಿದ್ದು ನಾನೇ.
ಹನ್ನೆರಡು ವರ್ಷ ಉಪ್ಪುಂಡ ಮನೆಗೆ
ಎರಡು ಬಗೆಯಬಾರದಂತೆ.
ಯಾವುದು ಮನೆ, ಈ ಗೋಡೆಯೋ, ಆ ಕಡಲೋ
ಅಂತ ಹೇಳಿದವರು ಹೇಳಲಿಲ್ಲ.

ಕೆಟಲ್ಲಿಗೆ ನಮ್ಮದೇ ನೀರು ತುಂಬಿ
ಚಹಾ ಕುಡಿಯುತ್ತ ಮತ್ತೆ ಎಣಿಸಿದೆ.
ಅರವತ್ತಾರು.
ಒಂದು ಹಡಗು ಹೋಯಿತೋ,
ದೀಪ ಆರಿಸಿಕೊಂಡು ಅಲ್ಲೇ ನಿಂತಿದೆಯೋ.
ಮೀಟರು ತೊಳೆದು, ಒರೆಸಿ, ನಾಲ್ಕರ ಮಾದರಿಗೆ ಎದ್ದೆ.